ಗೋವಾಕ್ಕೆ ಹೊರಟ ಕೈಗಳು

ಹಣಮೇಶ ತಾನೇ ಚಹಾ ಮಾಡಿ, ಕಪ್ಪು ಬಸಿ ಜೋಡಿಸಿ, ತಂದು ಕೈಗೆ ಕೊಟ್ಟ ಸಂಜೆಯೇ ಮಲ್ಲೇಶ್ವರಿಗೆ ಅನುಮಾನ ಶುರುವಾಯಿತು. ಚಹಾದಲ್ಲಿ ದೋಷವಿರಲಿಲ್ಲ. ಶುಂಠಿ ಜಜ್ಜಿ ಹಾಕಿದ್ದ, ಸಕ್ಕರೆ ಹದವಾಗಿತ್ತು. ಏನಾದರೂ ದೋಷವಿದ್ದಿದ್ದರೆ ಅವಳು ನಿಶ್ಚಿಂತೆಯಿಂದ ಕುಡಿಯುತ್ತಿದ್ದಳು. ಮದುವೆಯಾದಾಗಿನಿಂದ ಆ ಮನುಷ್ಯ ಅಡುಗೆಮನೆಯೊಳಗೆ ಕಾಲಿಟ್ಟದ್ದು ಮಿಕ್ಸರ್ ಸುಟ್ಟಾಗ ಮಾತ್ರ.

“ಏನಾಗ್ಯಾದ್ರಿ?” ಎಂದಳು.

“ಏನಾಗಬೇಕು? ಹೇಂತಿಗೆ ಒಂದ್ ಕಪ್ ಚಹಾ ಕೊಡಬಾರದೇನು?”

“ಕೊಡಬೌದು. ಏನಾಗ್ಯಾದ ಹೇಳ್ರಿ.”

ಹಣಮೇಶ ಗೋಡೆಯ ಕ್ಯಾಲೆಂಡರಿಗೆ ಹೇಳುವವನಂತೆ ಹೇಳಿದ: “ದಸರಾ ಸೂಟಿಗೆ ಗೋವಾಕ ಹೋಗೂಣೇನು? ನಾವಿಬ್ಬರೇ.”

ಮಲ್ಲೇಶ್ವರಿ ಕಪ್ಪನ್ನು ಕೆಳಗಿಟ್ಟಳು. ವನದುರ್ಗದ ಹತ್ತಿರದ ಹಳ್ಳಿಯೊಂದರಲ್ಲಿ ಅವಳು ಪ್ರಾಥಮಿಕ ಶಾಲೆಯ ಟೀಚರು. ಹೊಟ್ಟೆನೋವು ಎಂದು ಬಂದ ಮಗು ಹೊಟ್ಟೆಯ ಯಾವ ಬದಿಗೆ ಕೈ ಇಟ್ಟುಕೊಂಡಿದೆ ಎಂದು ನೋಡಿ ಹೋಮ್‌ವರ್ಕ್ ಆಗಿಲ್ಲ ಎಂಬುದನ್ನು ಹೇಳಬಲ್ಲವಳು. ಅಂಥವಳಿಗೆ ‘ನಾವಿಬ್ಬರೇ’ ಎಂಬ ಮಾತು ಹೊಟ್ಟೆಯ ತಪ್ಪು ಬದಿಗೆ ಕೈ ಇಟ್ಟುಕೊಂಡಂತೆ ಕೇಳಿಸಿತು.

ಹಾಗೆಂದು ಹಣಮೇಶ ಕೆಟ್ಟವನಲ್ಲ. ಶಹಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ಅವನದು ಮೋಟಾರ್ ವೈಂಡಿಂಗ್ ಅಂಗಡಿ. ಕಾಲುವೆ ನೀರು ಬಂದು ಭತ್ತ ಶುರುವಾದ ಮೇಲೆ ಈ ಕಡೆ ಪಂಪ್‌ಸೆಟ್ಟುಗಳಿಗೆ ಸುಡುವುದೇ ಕೆಲಸ, ಅವನಿಗೆ ಸುತ್ತುವುದೇ ಕೆಲಸ. ಸುಟ್ಟ ಮೋಟಾರಿನ ಹೊಟ್ಟೆ ಬಗೆದು, ಕರಕಲಾದ ತಂತಿ ಕಿತ್ತೆಸೆದು, ಹೊಸ ತಾಮ್ರ ಸುತ್ತುವಾಗ ಅವನ ಬೆರಳುಗಳನ್ನು ನೋಡಬೇಕು. ರೈತರ ಜೊತೆ ಜಗಳಾಡುತ್ತ ಸುತ್ತಿದರೂ ಒಂದು ಸುತ್ತು ಹೆಚ್ಚಾಗುತ್ತಿರಲಿಲ್ಲ, ಕಡಿಮೆಯಾಗುತ್ತಿರಲಿಲ್ಲ. ಆ ಬೆರಳುಗಳಿಗೆ ಇನ್ನೊಂದು ವಿದ್ಯೆಯೂ ಗೊತ್ತಿತ್ತು. ಅದು ಇಸ್ಪೀಟು.

ಯುಗಾದಿಗೆ ಎಲೆ ಆಡುವುದನ್ನು ಊರಲ್ಲಿ ಯಾರೂ ತಪ್ಪೆನ್ನುವುದಿಲ್ಲ. ಹಣಮೇಶನ ಯುಗಾದಿ ಮಾತ್ರ ದೀಪಾವಳಿಯವರೆಗೂ ನಡೆಯುತ್ತಿತ್ತು. ಒಂದು ವರ್ಷ ಅಂದರ್-ಬಾಹರ್‌ನಲ್ಲಿ ಮಲ್ಲೇಶ್ವರಿಯ ಸ್ಕೂಟಿ ಹೋಯಿತು. ಅವಳ ತವರಿನವರು ಕೊಡಿಸಿದ್ದ, ನವಿಲು ಬಣ್ಣದ ಸ್ಕೂಟಿ. ಅವಳ ತವರು ಸುರಪುರ. ಗೆದ್ದವನು, ಅಮಾತೆಪ್ಪ ಎಂಬ ಹಾರ್ಡ್‌ವೇರ್ ಅಂಗಡಿಯವನು, ಅವನೂ ಸುರಪುರ. ಅವನು ಆ ಸ್ಕೂಟಿಯ ಮೇಲೆ ಕುಳಿತು ಅವಳ ತವರುಮನೆಯ ಮುಂದೆಯೇ ತರಕಾರಿ ತರಲು ಹೋಗುತ್ತಿದ್ದ. ಅಂದಿನಿಂದ ಮಲ್ಲೇಶ್ವರಿ ಶಾಲೆಗೆ ಹೋಗುವುದು ಕೆಂಪು ಬಸ್ಸಿನಲ್ಲಿ, ನಿಂತುಕೊಂಡು. ಸೋತವನ ಮತ್ತು ಗೆದ್ದವನ ಗೆಳೆತನ ಮಾತ್ರ ಒಂದಿಷ್ಟೂ ಮುಕ್ಕಾಗಲಿಲ್ಲ.

ಆಗ ಕಣಕ್ಕಿಳಿದವಳು ಹಣಮೇಶನ ತಾಯಿ ಮಾನಮ್ಮ. ಮಗನನ್ನು ಅಬ್ಬೆತುಮಕೂರಿನ ಮಠಕ್ಕೆ ಕರೆದುಕೊಂಡು ಹೋಗಿ ಗದ್ದುಗೆಯ ಮುಂದೆ ನಿಲ್ಲಿಸಿದಳು. ಆಣೆಯ ವಿಷಯದಲ್ಲಿ ಮಾನಮ್ಮನಿಗೆ ಅವಳದೇ ಶಾಸ್ತ್ರವಿತ್ತು. “ಯಾವ ಅಂಗ ತಪ್ಪು ಮಾಡೇದೋ ಅದೇ ಅಂಗ ಆಣಿ ಮಾಡಬೇಕು. ಕುಡ್ಯಾವ ತೀರ್ಥ ಬಾಯಾಗ ಹಿಡಕೊಂಡು ಮಾಡಬೇಕು. ಎಲಿ ಆಡಾವ ಕೈ ಇಟ್ಟು ಮಾಡಬೇಕು.” ಹಣಮೇಶ ಬಲಗೈ ಇಟ್ಟ. “ಎಡಗೈ ಯಾರಿಗಿ ಉಳಸಿದ್ಯೋ?” ಎಂದು ಮಾನಮ್ಮ ಅದನ್ನೂ ಎಳೆದು ಇಡಿಸಿದಳು. “ಈ ಎರಡೂ ಕೈಲೆ ಇನ್ನ ಎಲಿ ಮುಟ್ಟಂಗಿಲ್ಲ” ಎಂದು ಅವಳೇ ಹೇಳಿಕೊಟ್ಟಳು, ಅವನು ಹೇಳಿದ.

ಹೇಳಿದ್ದನ್ನು ನಡೆಸಿಕೊಂಡೂ ಬಂದ. ಈ ಒಂದು ವಿಷಯದಲ್ಲಿ ಅವನ ನಿಷ್ಠೆ ಊರಿಗೇ ಮಾದರಿ. ಮೊಬೈಲಿನಲ್ಲಿ ರಮ್ಮಿ ಬಂದಾಗ ಅವನು ತಾಯಿಯ ಹತ್ತಿರ ತೀರ್ಪು ಕೇಳಿದ್ದ.

“ಅದು ಎಲಿ ಅಲ್ಲ ಯವ್ವ, ಚಿತ್ರ. ನಾ ಮುಟ್ಟೋದು ಗಾಜು.”

“ಗಾಜಿನ ಕೆಳಗ ಏನದ?”

“ಎಲಿದು ಚಿತ್ರ.”

“ಹಂಗಂದ್ರ ಎಲಿನೇ ಆತಲ್ಲ.”

ಅಲ್ಲಿಗೆ ಮೊಬೈಲೂ ಮುಗಿಯಿತು. ಏನೋ ನೋಡುವಾಗ ನಡುವೆ ಇಸ್ಪೀಟಿನ ಜಾಹೀರಾತು ಬಂದರೆ ಹಣಮೇಶ ಎರಡೂ ಕೈ ಮೇಲೆತ್ತಿ ಹೆಂಡತಿಯನ್ನು ಕೂಗುತ್ತಿದ್ದ: “ಏ, ಜರಾ ಇದನ್ನ ಸರಸು ಬಾ.” ಅವಳು ರೊಟ್ಟಿಹಿಟ್ಟಿನ ಬೆರಳಿನಿಂದ ಸರಿಸಿ ಹೋಗುತ್ತಿದ್ದಳು. ಇದು ಮುಂದೆ ನೆನಪಾಗಬೇಕಾದ ಸಂಗತಿ ಎಂದು ಅವಳಿಗೆ ಆಗ ಹೊಳೆದಿರಲಿಲ್ಲ.

ಮರುದಿನ ಶಾಲೆಯಲ್ಲಿ ಊಟದ ಬಿಡುವಿನ ಹೊತ್ತು ಅವಳು ಗೋವಾದ ಸುದ್ದಿಯನ್ನು ಸಾವಿತ್ರಿಬಾಯಿಯ ಮುಂದಿಟ್ಟಳು. ಸಾವಿತ್ರಿಬಾಯಿ ಶಾಲೆಯ ಹಿರಿಯ ಟೀಚರು, ನಿವೃತ್ತಿಗೆ ಹತ್ತಿರವಾದವಳು, ಗಂಡಸರ ಬಗ್ಗೆ ಪಾಠಯೋಜನೆ ಇಟ್ಟುಕೊಂಡವಳು.

“ಗಂಡಸು ಒಮ್ಮಿಗೇ ಛಲೋ ಆದ ಅಂದ್ರ ಎರಡು ಕಾರಣ ಇರ್ತಾವ ಮಲ್ಲೇಶ್ವರಿ. ಡಾಕ್ಟರ್ ಏನರ ಹೇಳಿರ್ತಾನ.”

“ಎರಡನೇದು?”

“ಅದನ್ನ ನಾ ಹೇಳಂಗಿಲ್ಲ. ಮಕ್ಕಳು ಅದಾವ ಇಲ್ಲಿ.”

“ಎರಡನೇದಾದ್ರ ನನ್ನನ್ಯಾಕ ಕರ್ಕೊಂಡು ಹೋಗ್ತಾರ್ರಿ ಅಕ್ಕೋರ?”

ಸಾವಿತ್ರಿಬಾಯಿ ಉಪ್ಪಿನಕಾಯಿ ಚೀಪುತ್ತ ಯೋಚಿಸಿದಳು. “ಅದೂ ಖರೆ. ಹಂಗಂದ್ರ ಡಾಕ್ಟರೇ. ಇಲ್ಲಾಂದ್ರ ನಿನ್ನ ಸಹಿ ಬೇಕಾಗಿರಬೇಕು ಯಾವುದಕ್ಕರ. ಗೋವಾದಾಗ ಸಹಿ ಮಾಡಬ್ಯಾಡ. ಉಳದದ್ದು ಏನರ ಮಾಡು.”

ಮಲ್ಲೇಶ್ವರಿ ನಕ್ಕಳು, ಆದರೆ ಪೂರ್ತಿ ನಗಲಾಗಲಿಲ್ಲ. ಏಕೆಂದರೆ ಅವಳಿಗೆ ಹೋಗಬೇಕಾಗಿತ್ತು. ನಾಲ್ಕನೇ ತರಗತಿಯಲ್ಲಿ ಸಮುದ್ರದ ಪಾಠವಿದೆ. ಪ್ರತಿ ವರ್ಷ ಅದನ್ನು ಅವಳೇ ಮಾಡುತ್ತಾಳೆ. ಅಲೆ ಬರುತ್ತದೆ, ಹೋಗುತ್ತದೆ, ಆಚೆ ದಡ ಕಾಣುವುದಿಲ್ಲ ಎಂದು ಕೈ ಬೀಸಿ ಹೇಳುತ್ತಾಳೆ. ಅವಳು ಕಂಡ ಅತಿ ದೊಡ್ಡ ನೀರು ನಾರಾಯಣಪುರದ ಹಿನ್ನೀರು. ಅದಕ್ಕೆ ಆಚೆ ದಡವಿತ್ತು, ದಡದಲ್ಲಿ ಎಮ್ಮೆಗಳೂ ಇದ್ದವು. ಹೋದ ತಿಂಗಳು ರಾಧಿಕಾ ಎಂಬ ಹುಡುಗಿ ಎದ್ದು ನಿಂತು, “ಟೀಚರ್, ನೀವು ಸಮುದ್ರ ನೋಡೀರೇನ್ರಿ?” ಎಂದು ಕೇಳಿದ್ದಳು. “ಪುಸ್ತಕ ತೆಗಿ” ಎಂದಿದ್ದಳು ಮಲ್ಲೇಶ್ವರಿ. ಹುಡುಗಿ ಪುಸ್ತಕ ತೆಗೆದಳು, ಆದರೆ ನೋಡಿದ ನೋಟ ಹಾಗೇ ಉಳಿಯಿತು.

ಆದ್ದರಿಂದ ಮಲ್ಲೇಶ್ವರಿ ‘ಹೂಂ’ ಎಂದಳು, ಮತ್ತು ಕಣ್ಣು ತೆರೆದಿಟ್ಟುಕೊಂಡಳು.

ತಯಾರಿ ನಡೆದಂತೆ ಅನುಮಾನಕ್ಕೆ ಮೇವು ಸಿಗುತ್ತ ಹೋಯಿತು. ಮೊದಲನೆಯದು ಬೂಟು. ಹುಟ್ಟಿದಾಗಿನಿಂದ ಚಪ್ಪಲಿಯಲ್ಲೇ ಓಡಾಡಿದ, ಮದುವೆಯ ಬೂಟನ್ನು ಮಂಟಪದಲ್ಲೇ ಯಾರೋ ಒಯ್ದಾಗ ಪೀಡೆ ಹೋಯಿತೆಂದ ಗಂಡ, ಕರಿ ಬೂಟು ಕೊಂಡು ತಂದು ಮನೆಯೊಳಗೆ ಹಾಕಿಕೊಂಡು ನಡೆದು ನೋಡುತ್ತಿದ್ದ.

“ಉಸುಕಿನ್ಯಾಗ ಬೂಟ್ಯಾಕ್ರಿ?”

“ಉಸುಕಿಗಲ್ಲ. ಪಣಜಿಯಾಗ ಹೊಳಿ ಅದ. ಹೊಳಿ ಮ್ಯಾಲ ದೊಡ್ಡ ದೊಡ್ಡ ಬೋಟು. ಮೂರು ಅಂತಸ್ತಿನವು, ಲೈಟು, ಊಟ, ಹಾಡು, ಎಲ್ಲ ಅದರಾಗೇ. ಅದಕ್ಕ ಚಪ್ಪಲಿ ನಡ್ಯಂಗಿಲ್ಲ. ಅಮಾತೆಪ್ಪ ಹೇಳ್ಯಾನ.”

ಅಮಾತೆಪ್ಪನ ಹೆಸರು ಕೇಳಿದೊಡನೆ ಮಲ್ಲೇಶ್ವರಿಯ ಕಣ್ಣ ಮುಂದೆ ನವಿಲು ಬಣ್ಣ ಹಾದುಹೋಯಿತು. “ಅವ್ರು ಹೋಗ್ಯಾರೇನು ಆ ಬೋಟಿನ್ಯಾಗ?”

“ಹೋಗಿದ್ದ. ಚಪ್ಪಲಿ ಹಾಕ್ಕೊಂಡು ಹೋಗಿದ್ದ, ಬಾಗಿಲದಾಗೇ ತಿರುಗಿ ಕಳಿಸ್ಯಾರ. ಅದಕ್ಕೇ ಅವಂಗ ಬರೋಬ್ಬರಿ ಗೊತ್ತದ.”

ಎರಡನೆಯದು ಆಧಾರ್. ಬೋಟಿಗೆ ಬೇಕೆಂದು ಅವಳ ಕಾರ್ಡನ್ನು ತರಿಸಿಕೊಂಡು ಹೆಸರು, ಹುಟ್ಟಿದ ವರ್ಷ, ಫೋಟೋ ಎಲ್ಲ ನೋಡಿದ. “ಫೋಟೋದಾಗ ನಿನ್ನಂಗ ಕಾಣಸಂಗಿಲ್ಲಲ್ಲ” ಎಂದು ಚಿಂತೆ ಮಾಡಿದ. ಮೂರನೆಯದು ಅವನ ಕಾರ್ಯಕ್ರಮ. ಮೊದಲ ದಿನ ಬೋಟು. ಎರಡನೇ ದಿನ ಬೋಟು. ಮೂರನೇ ದಿನ ಫುರಸತ್ತಾದರೆ ಸಮುದ್ರ.

“ಸಮುದ್ರ ಕಡೀಗ್ಯಾಕ?”

“ಅದೆಲ್ಲಿ ಹೋಗತದ? ಅಲ್ಲೇ ಇರತದ.”

ನಾಲ್ಕನೆಯದು ಬಂದದ್ದು ಒಂದು ಸಂಜೆ, ಮಾನಮ್ಮ ಭಜನೆಗೆ ಹೋದ ಹೊತ್ತಿನಲ್ಲಿ. ಅಮಾತೆಪ್ಪ ಸ್ಕೂಟಿಯ ಮೇಲೆ ಬಂದು, ಪೇಪರಿನಲ್ಲಿ ಸುತ್ತಿದ ಒಂದು ಪುಡಿಕೆಯನ್ನು ತಾನೇ ಒಳಗೆ ತಂದು ಮಂಚದ ಮೇಲಿಟ್ಟು, “ನಮಸ್ಕಾರ್ರಿ ತಂಗಿ, ಗಾಡಿ ಭಾಳ ಛಲೋ ಓಡಾಕತ್ತದ” ಎಂದು ಹೇಳಿ ಹೋದ. ಹಣಮೇಶ ಪುಡಿಕೆಯಿಂದ ಒಂದು ಮೊಳ ದೂರ ಕುಳಿತು, “ಬಿಚ್ಚು” ಎಂದ. ಬಿಚ್ಚಿದರೆ ಹೊಸ ಇಸ್ಪೀಟು ಕಟ್ಟು.

“ರೀ.”

“ನಾ ಮುಟ್ಟಿನೇನು? ಮುಟ್ಟಂಗಿಲ್ಲ. ಬಸ್ಸಿನ್ಯಾಗ ನಿನಗ ಬ್ಯಾಸರಾಗತದಂತ ತರಸೀನಿ. ಇಪ್ಪತ್ತೊಂದರ ಆಟ ಅಂತ ಅದ. ಎಲಿ ಕೂಡಸ್ತಾ ಹೋಗೋದು. ಇಪ್ಪತ್ತೊಂದರ ಹತ್ತರ ಬರಬೇಕು, ದಾಟಬಾರದು. ನೀ ದಿನಾ ಹುಡುಗರಿಗೆ ಕೂಡಸೋದೇ ಕಲಸ್ತಿ. ನಿನಗ ಇದು ಹಾಲು ಕುಡದಂಗ.”

ಅವಳೇ ಕಲೆಸಿದಳು, ಎರಡೂ ಕಡೆಗೆ ಅವಳೇ ಹಾಕಿದಳು. ಹಣಮೇಶ ಅಂಗಡಿಯ ಟೆಸ್ಟರ್ ಹಿಡಿದು ಕುಳಿತಿದ್ದ. ಕರೆಂಟು ಇದೆಯೋ ಇಲ್ಲವೋ ನೋಡುವ ಆ ಸಣ್ಣ ಸ್ಕ್ರೂಡ್ರೈವರಿನ ತುದಿಯನ್ನು ಎಲೆಗಳ ಮೇಲೆ ಗಾಳಿಯಲ್ಲೇ ಆಡಿಸುತ್ತ ಪಾಠ ಮಾಡಿದ. “ಇದು ಗುಲಾಮ, ಹತ್ತು. ರಾಣಿನೂ ಹತ್ತು. ಎಕ್ಕಕ್ಕ ಒಂದಂದ್ರೂ ನಡೀತದ, ಹನ್ನೊಂದಂದ್ರೂ ನಡೀತದ. ಈಗ ನಿಂದು ಹದಿಮೂರು. ಇನ್ನೊಂದು ತೊಗೋ. ಹಾಂ. ಇನ್ನ ನಿಂದ್ರು.” ಟೆಸ್ಟರ್ ಎಲೆಗೆ ತಾಗದಂತೆ ಅವನು ವಹಿಸಿದ ಎಚ್ಚರ, ಹರಿಯುವ ಕರೆಂಟಿನ ತಂತಿಯ ಹತ್ತಿರವೂ ವಹಿಸುತ್ತಿರಲಿಲ್ಲ.

ಎರಡು ಸಂಜೆ ಕಳೆಯುವಷ್ಟರಲ್ಲಿ ಪಾಠ ಮುಂದುವರಿಯಿತು. “ಈಗ ನಾ ಬಾಯಿ ಬಿಡಂಗಿಲ್ಲ. ಕೆಮ್ಮಿದ್ರ ತೊಗೋ. ಕಿವಿ ತುರಿಸಿಕೊಂಡ್ರ ನಿಂದ್ರು.”

“ಬಾಯಿಲೆ ಹೇಳಿದ್ರ ಏನಾಗತದ?”

“ಬಸ್ಸಿನ್ಯಾಗ ಮಂದಿ ಇರ್ತಾರಲ್ಲ.”

“ಮಂದಿ ಇದ್ರ ಕೆಮ್ಮಬೇಕೇನು?”

ಹಣಮೇಶ ಕಿವಿ ತುರಿಸಿಕೊಂಡ. ಅದು ಉತ್ತರವೋ ಪಾಠವೋ ತಿಳಿಯಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮಲ್ಲೇಶ್ವರಿಗೆ ಆಟ ಹಿಡಿಸಿತ್ತು. ಗಂಡ ಕೆಮ್ಮುವ ಮೊದಲೇ ಅವಳ ಕೈ ಎಲೆಯ ಕಡೆ ಹೋಗುತ್ತಿತ್ತು, ಮತ್ತು ಅದು ಸರಿಯಾಗಿಯೇ ಇರುತ್ತಿತ್ತು. ಒಂದು ದಿನ ತರಗತಿಯಲ್ಲಿ ಬೋರ್ಡಿನ ಮೇಲೆ ಹದಿನಾರು ಬರೆದು, ಕೂಡಿಸು ಗುರುತು ಹಾಕಿ, ಕೆಳಗೆ ಏನು ಬರೆಯಲಿ ಎಂದು ಯೋಚಿಸುವಾಗ ಎದೆ ಡವಡವ ಎಂದಿತು. ಐದು ಬರೆದಳು. ಮಕ್ಕಳೆಲ್ಲ “ಇಪ್ಪತ್ತೊಂದು” ಎಂದು ಕೂಗಿದಾಗ ಅವಳಿಗೆ ಗೆದ್ದಷ್ಟು ಹಿಗ್ಗಾಯಿತು. ಚಾಕ್‌ಪೀಸು ಕೆಳಗಿಟ್ಟು ಅವಳು ತನ್ನ ಬಲಗೈಯನ್ನು ನೋಡಿಕೊಂಡಳು. ಈ ತನಕ ಗಂಡನ ಕೈಯನ್ನಷ್ಟೇ ಅನುಮಾನಿಸಿದ್ದಳು.

ಅದರ ಮರುದಿನ ಬೆಳಿಗ್ಗೆ ಅವಳು ಬುದ್ಧಪ್ರಿಯನ ಮನೆಯ ಮುಂದೆ ನಿಂತಳು. ಬುದ್ಧಪ್ರಿಯ ಎರಡು ಮನೆ ಆಚೆಯವನು, ಟೆಂಪೋ ಟ್ರಾವೆಲರ್ ಓಡಿಸುವವನು; ಯಾತ್ರೆಗೂ ಮದುವೆಗೂ ಗಾಡಿ ಕಟ್ಟುತ್ತಾನೆ. ನಿಧಾನ ಮಾತಿನ ಮನುಷ್ಯ. ಶಹಾಪುರದ ಬೆಟ್ಟ ಮಲಗಿದ ಬುದ್ಧನಂತೆ ಕಾಣುತ್ತದಲ್ಲ, ಆ ಕಡೆಗೇ ಗಾಡಿಯ ಮೂತಿ ಮಾಡಿ ನಿಲ್ಲಿಸಿ ತೊಳೆಯುತ್ತಿದ್ದ.

“ಬುದ್ಧಪ್ರಿಯಣ್ಣ, ಗೋವಾಕ ಹೋಗೀರೇನ್ರಿ ನೀವು?”

“ಹೋಗೀನ್ರಿ ಅಕ್ಕೋರ. ಹೋದ ವರ್ಷ ವ್ಯಾಪಾರಸ್ಥರದ್ದೊಂದು ಪಾರ್ಟಿ ಒಯ್ದಿದ್ದೆ.”

“ಅಲ್ಲಿ ಬೋಟಿನ್ಯಾಗ ಹೋಗಾಕ ಆಧಾರ್ ಕಾರ್ಡ್ ಯಾಕ ಬೇಕ್ರಿ?”

ಬುದ್ಧಪ್ರಿಯ ಪೈಪಿನ ನೀರು ನಿಲ್ಲಿಸಿದ. “ಯಾವ ಬೋಟು? ಸಂಜಿಮುಂದ ಒಂದು ತಾಸು ಸುತ್ತಾಡಿಸೋದಾ, ಕ್ಯಾಸಿನೋದ್ದಾ?”

“ಕ್ಯಾಸಿನೋ ಅಂದ್ರ?”

“ಜೂಜಿನ ಅಡ್ಡಾ ರೀ. ನಮ್ಮೂರಾಗ ಪೊಲೀಸ್ರು ಬಂದ್ರ ಓಡ್ತಾರ, ಅಲ್ಲಿ ಕೋಟು ಹಾಕ್ಕೊಂಡಾವ ನಮಸ್ಕಾರ ಮಾಡಿ ಒಳಗ ಕರೀತಾನ. ಅಷ್ಟೇ ಫರಕು. ಬೂಟು ಬೇಕು, ವಯಸ್ಸಿಂದು ಕಾರ್ಡ್ ಬೇಕು. ಪಾರ್ಟಿಯವರು ನನ್ನೂ ಒಮ್ಮೆ ಕರ್ಕೊಂಡು ಹೋಗಿದ್ರು. ನಾ ಊಟ ಮಾಡಿ, ನಿಂತು ನೋಡಿ ಬಂದೆ.”

“ಎಲಿ ಆಡ್ತಾರೇನ್ರಿ?”

“ಆಡ್ತಾರ. ಇಪ್ಪತ್ತೊಂದು ಕೂಡಸೋದೊಂದು ಆಟ ಅದಲ್ರಿ, ಅದಕ್ಕಂತೂ ಭಾಳ ಗದ್ದಲ.”

ಮಲ್ಲೇಶ್ವರಿ ಗಾಡಿಯ ಬಾಗಿಲು ಹಿಡಿದುಕೊಂಡಳು. ಟೆಸ್ಟರ್, ಕೆಮ್ಮು, ಕಿವಿ, ಆಧಾರ್, ಶುಂಠಿ ಚಹಾ, ‘ಜರಾ ಇದನ್ನ ಸರಸು ಬಾ’, ಎಲ್ಲ ಒಂದೊಂದಾಗಿ ಬಂದು ಸಾಲಾಗಿ ನಿಂತವು. ಗೋವಾಕ್ಕೆ ಹಣಮೇಶನಿಗೆ ಹೆಂಡತಿ ಬೇಕಾಗಿರಲಿಲ್ಲ. ಎರಡು ಕೈ ಬೇಕಾಗಿದ್ದವು. ಆಣೆ ಇಲ್ಲದ, ಕೂಡಿಸಲು ಬರುವ, ಆಧಾರ್ ಇರುವ ಎರಡು ಕೈ. ಉಳಿದ ಮಲ್ಲೇಶ್ವರಿ ಆ ಕೈಗಳ ಜೊತೆ ಬರಲೇಬೇಕಲ್ಲ, ಅದಕ್ಕೆ ಚಹಾ.

“ಆದ್ರ ಒಂದು ನೋಡ್ರಿ ಅಕ್ಕೋರ,” ಬುದ್ಧಪ್ರಿಯ ಬಟ್ಟೆ ಹಿಂಡುತ್ತ ಮುಂದುವರಿಸಿದ, “ನಮ್ಮಂಗಲ್ಲ ಅಲ್ಲಿ. ನಾ ನೋಡಿದ ಮೇಜಿನ್ಯಾಗ ಆಡೋರು ಎಲಿ ಮುಟ್ಟಂಗೇ ಇಲ್ಲ. ಮೇಜಿನ ಆಕಡಿ ಒಬ್ಬಾಕಿ ಹುಡುಗಿ ನಿಂತಿರ್ತಾಳ, ಆಕಿನೇ ಎಲ್ಲಾರಿಗೂ ಎಲಿ ಹಾಕ್ತಾಳ, ಆಕಿನೇ ಎತ್ತತಾಳ. ಆಡಾವ ರೊಕ್ಕದ ಬದಲಿ ಬಿಲ್ಲಿ ಇಡೋದು, ಬೇಕು ಬ್ಯಾಡ ಅಂತ ಬೆರಳು ಆಡಸೋದು, ಅಷ್ಟೇ. ಒಬ್ಬಾಂವ ಎಲಿಗಿ ಕೈ ಹಾಕಾಕ ಹೋದ, ಬೈಸ್ಕೊಂಡ.”

ಮಲ್ಲೇಶ್ವರಿಗೆ ನಗು ಬಂತು, ಅದರ ಹಿಂದೆಯೇ ಹೆದರಿಕೆ ಬಂತು. ಗಂಡ ಇಷ್ಟು ಬೆವರು ಸುರಿಸಿ ಕೈ ಕಡ ತರುತ್ತಿರುವುದು ಕೈಯೇ ಬೇಡದ ಆಟಕ್ಕೆ. ತಾಯಿಯ ತೀರ್ಪಿಗೆ ಅಂಜಿ ಮೊಬೈಲಿನಲ್ಲೂ ಎಲೆಯ ಕಡೆ ನೋಡದವನಿಗೆ ಅದು ಗೊತ್ತಾಗುವ ದಾರಿಯಿಲ್ಲ; ಅಮಾತೆಪ್ಪನ ವಿದ್ವತ್ತು ಬಾಗಿಲವರೆಗೆ ಮಾತ್ರ. ಆದರೆ ಒಮ್ಮೆ ಆ ಬೋಟಿನೊಳಗೆ ಬೂಟುಗಾಲಿಟ್ಟರೆ ಕಣ್ಣಾರೆ ಕಾಣುತ್ತಾನೆ. ಎಲೆ ಮುಟ್ಟದೆ ಆಡಬಹುದು. ಆಣೆಯೂ ಮುರಿಯುವುದಿಲ್ಲ. ಸ್ಕೂಟಿಯನ್ನೇ ಉಳಿಸದವನು ಇನ್ನೇನನ್ನು ಉಳಿಸಿಯಾನು?

“ಬುದ್ಧಪ್ರಿಯಣ್ಣ, ಈ ಮಾತು ನಮ್ಮನಿಯವ್ರಿಗೆ ಹೇಳಬ್ಯಾಡ್ರಿ.”

“ನಾಕಂದ್ರ ನಾಕೇ ಅನ್ನಾವ ನಾ, ಸುಳ್ಳು ಹೇಳಂಗಿಲ್ರಿ,” ಎಂದ ಬುದ್ಧಪ್ರಿಯ. “ಕೇಳಿದ್ರ ಹೇಳತೀನಿ. ಕೇಳಲಿಲ್ಲಂದ್ರ ನಾ ಯಾಕ ಹೇಳಲಿ?”

ಶಾಲೆಗೆ ಹೋಗುವ ಬಸ್ಸಿನಲ್ಲಿ ಮಲ್ಲೇಶ್ವರಿ ಕಂಬಿ ಹಿಡಿದು ನಿಂತು ಲೆಕ್ಕ ಹಾಕಿದಳು. ಜಗಳ ತೆಗೆದರೆ ಗೋವಾ ರದ್ದಾಗುತ್ತದೆ, ಸಮುದ್ರವೂ ಅದರ ಜೊತೆ ಹೋಗುತ್ತದೆ, ರಾಧಿಕಾ ಮುಂದಿನ ವರ್ಷ ಐದನೇ ತರಗತಿಗೆ ಹೋಗುತ್ತಾಳೆ. ಸುಮ್ಮನಿದ್ದರೆ ಬೋಟು. ‘ನಾ ಮುಟ್ಟಂಗಿಲ್ಲ’ ಎಂದರೆ ಇವನು ಚಹಾದ ಮೇಲೆ ಚಹಾ ಕೊಟ್ಟು ಒಪ್ಪಿಸುತ್ತಾನೆ, ಇಲ್ಲವೇ ಸುಮ್ಮನೆ ನೋಡಿ ಬರೋಣ ಎಂದು ಹತ್ತಿಸುತ್ತಾನೆ. ಮತ್ತು ತನ್ನ ಕೈಯ ಮೇಲೆ ಅವಳಿಗೇ ಭರವಸೆ ಇರಲಿಲ್ಲ. ಕೈ ಸಿಗುವುದಿಲ್ಲ ಎಂದು ಅವನಿಗೆ ಇಲ್ಲೇ, ಊರಲ್ಲೇ, ಮೇಲ್ಮನವಿಗೆ ಅವಕಾಶವಿಲ್ಲದಂತೆ ಗೊತ್ತಾಗಬೇಕು. ಆಗ ಬೋಟಿನ ಆಸೆ ತಾನೇ ಸಾಯುತ್ತದೆ.

ದಾರಿ ತೋರಿಸಿದವಳು ಮಾನಮ್ಮ. “ಸೀಮಿ ದಾಟಿ ಹೊಂಟೀರಿ, ಮಠದ ಅಜ್ಜಗ ಒಂದ್ ಮಾತು ಕೇಳಿ ಹೋಗ್ರಿ” ಎಂದಳು. ಹಣಮೇಶ ಹಿಗ್ಗಿನಿಂದ ಒಪ್ಪಿದ. ಇಂಥ ಪ್ರಯಾಣಕ್ಕೆ ಆಶೀರ್ವಾದ ಇದ್ದರೆ ಕೆಟ್ಟದ್ದೇನೂ ಆಗುವುದಿಲ್ಲ ಎಂಬುದು ಅವನ ಲೆಕ್ಕ.

ಸೋಮವಾರ ಮೂವರೂ ಅಬ್ಬೆತುಮಕೂರಿಗೆ ಹೋದರು. ಕಾಯಿ ಒಡೆಸಿದರು. ಹಣಮೇಶ ಗದ್ದುಗೆಗೆ ಉದ್ದಕ್ಕೂ ನಮಸ್ಕಾರ ಹಾಕಿ ಎದ್ದು, ಹೆಂಡತಿಗೆ ಜಾಗ ಬಿಟ್ಟ. ಮಲ್ಲೇಶ್ವರಿ ಬಳೆ ಹಿಂದೆ ಸರಿಸಿ ಬಲಗೈ ಇಟ್ಟಳು. ಆಮೇಲೆ ಎಡಗೈ ಇಟ್ಟಳು.

ಮಾನಮ್ಮನ ಹುಬ್ಬು ಮೇಲೇರಿತು. ಎರಡು ಕೈ ಇಡುವುದರ ಅರ್ಥ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. “ನಿನಗೇನಾಗೇದ ಯವ್ವ?”

“ಮನಿಗಿ ಎಲಿ ಬಂದಾವ ಅತ್ತಿ,” ಎಂದಳು ಮಲ್ಲೇಶ್ವರಿ, ಕೈ ತೆಗೆಯದೆ. “ಅವರು ಮುಟ್ಟಿಲ್ಲ. ನಾ ಮುಟ್ಟೀನಿ. ಮುಟ್ಟಿದ್ರ ಬಿಡಬೇಕಂತ ಅನಸಂಗಿಲ್ಲ, ಅದಕ್ಕ.” ಆಮೇಲೆ ಮಾನಮ್ಮ ಹಿಂದೆ ಹೇಳಿಕೊಟ್ಟಿದ್ದ ಮಾತನ್ನೇ, ಒಂದಕ್ಷರ ಬದಲಿಸದೆ, ತರಗತಿಯಲ್ಲಿ ಓದುವಂತೆ ಸ್ಪಷ್ಟವಾಗಿ ಹೇಳಿದಳು: “ಈ ಎರಡೂ ಕೈಲೆ ಇನ್ನ ಎಲಿ ಮುಟ್ಟಂಗಿಲ್ಲ.”

ಹಣಮೇಶ ಕೆಮ್ಮಿದ. ತಡೆಯಲಾಗದೆ ಬಂದ ಕೆಮ್ಮು. ಅವಳು ತಿರುಗಿ ನೋಡಲಿಲ್ಲ.

ಮಾನಮ್ಮ ಮಾತ್ರ ಮಗನನ್ನು ನೋಡಿದಳು. “ಎಲಿ ಯಾರ್ ತಂದಾರೋ?”

“ಅಮಾತೆಪ್ಪ.”

“ನೀ ಮುಟ್ಟಿದ್ಯಾ?”

“ಇಲ್ಲ ಯವ್ವ. ಟೆಸ್ಟರ್ ಹಿಡಿದಿದ್ದೆ.”

ಮಾನಮ್ಮ ಬಹಳ ಹೊತ್ತು ಯೋಚಿಸಿದಳು. ಟೆಸ್ಟರಿನ ಬಗ್ಗೆ ಅವಳ ಶಾಸ್ತ್ರದಲ್ಲಿ ಏನೂ ಇರಲಿಲ್ಲ. “ಪ್ರಸಾದ ತೊಗೊಂಡು ನಡೀರಿ” ಎಂದಳು.

ತಿರುಗಿ ಬರುವ ದಾರಿಯಲ್ಲಿ ಹಣಮೇಶ ಸುಟ್ಟ ಮೋಟಾರಿನಂತೆ ಕುಳಿತಿದ್ದ. ಹೊರಗೆ ಎಲ್ಲ ಸರಿ, ಒಳಗೆ ಏನೂ ತಿರುಗುತ್ತಿರಲಿಲ್ಲ. ಯಾದಗಿರಿ ದಾಟಿದ ಮೇಲೆ ಬಾಯಿ ಬಿಟ್ಟ.

“ಅಷ್ಟು ದೂರ ಹೋಗೋದು ಬೇಕೇನು? ನಾರಾಯಣಪುರ ಡ್ಯಾಮಿಗಿ ಹೋಗಿ ಬಂದ್ರಾತಲ್ಲ. ಅಲ್ಲೂ ನೀರೇ.”

“ಬೂಟು ತಂದಾಗ್ಯಾದ,” ಎಂದಳು ಮಲ್ಲೇಶ್ವರಿ. “ಟಿಕೀಟೂ ಆಗ್ಯಾದ. ಮೊದಲ ದಿನ ಸಮುದ್ರ. ಎರಡನೇ ದಿನ ಸಮುದ್ರ. ಮೂರನೇ ದಿನ ಫುರಸತ್ತಾದ್ರ ನಿಮ್ಮ ಬೋಟು ನೋಡೂಣು, ದಂಡಿ ಮ್ಯಾಲ ನಿಂತು.”

ಅವನು ತನ್ನ ಎರಡು ಕೈಗಳನ್ನು ನೋಡಿಕೊಂಡ. ಅವಳ ಎರಡು ಕೈಗಳನ್ನು ನೋಡಿದ. ಆಮೇಲೆ ಅವನ ಮುಖ, ಅವಳಿಗೆ ಅಂಜಿಕೆಯಾಗುವಂತೆ, ಸ್ವಲ್ಪ ಬೆಳಗಿತು. “ಬಸ್ಸಿಗಿಂತ ಬುದ್ಧಪ್ರಿಯನ ಗಾಡಿ ಛಲೋ ಅಲ್ಲೇನು? ಅವನೂ ನಮ್ಮ ಜೋಡಿ ಇರ್ತಾನ. ಅಂವ ಮಠಕ್ಕ ಬರಾವಲ್ಲ, ಅವಂಗ ಯಾವ ಆಣಿನೂ ಇಲ್ಲ.”

“ಆ ಗಾಡ್ಯಾಗ ಕುಂತ್ರ ನನಗ ವಾಂತಿ ಬರತದ.”

“ಎಂದ್ ಕುಂತಿದ್ದಿ ನೀ ಅದರಾಗ?”

“ನೋಡಿದ್ರೇ ಬರತದ.”

ಹೊರಡುವ ದಿನ ನಸುಕಿನಲ್ಲಿ ಮಲ್ಲೇಶ್ವರಿ ಎದ್ದು ದಾರಿಗೆ ಶೇಂಗಾ ಹೋಳಿಗೆ ಮಾಡಿದಳು. ಬಸ್‌ಸ್ಟ್ಯಾಂಡಿಗೆ ಬಂದರೆ, ಯಾರನ್ನೋ ಬಿಡಲು ಬಂದ ಬುದ್ಧಪ್ರಿಯ ಗಾಡಿಗೆ ಒರಗಿ ನಿಂತಿದ್ದ. ಹಣಮೇಶ ಬೂಟು ಟಕಟಕ ಎನ್ನಿಸುತ್ತ ಅವನ ಕಡೆಗೇ ನಡೆದ.

“ಏನಪಾ ಬುದ್ಧಪ್ರಿಯ, ನೀ ಗೋವಾ ನೋಡಾವ. ಖರೆ ಹೇಳು, ಅಲ್ಲಿ ಬೋಟಿನ್ಯಾಗ…”

ಮಲ್ಲೇಶ್ವರಿ ಡಬ್ಬಿ ಬಿಚ್ಚಿ ಇಡೀ ಹೋಳಿಗೆಯೊಂದನ್ನು ಮಡಚಿ ಬುದ್ಧಪ್ರಿಯನ ಮುಂದೆ ಹಿಡಿದಿದ್ದಳು. “ಬಿಸೇದ ಅಣ್ಣ, ಈಗ್ಲೇ ತಿನ್ರಿ.” ಬುದ್ಧಪ್ರಿಯ ಅವಳ ಮುಖ ನೋಡಿದ. ಹೋಳಿಗೆಯನ್ನು ಇಡಿಯಾಗಿ ಬಾಯಿಗೆ ಇಟ್ಟುಕೊಂಡ. ಶೇಂಗಾ ಹೋಳಿಗೆ ಬೇಗ ಕರಗುವ ಪದಾರ್ಥವಲ್ಲ. ಅವನು ಸುಳ್ಳು ಹೇಳಲಿಲ್ಲ. ಅಗಿಯುತ್ತ, ಕೈ ಎತ್ತಿ, ಹುಬ್ಬಳ್ಳಿ ಬಸ್ಸು ಹೊರಡುತ್ತಿರುವುದನ್ನು ತೋರಿಸಿದ. ಅದು ನಿಜವೇ ಆಗಿತ್ತು.

ಬಸ್ಸಿನಲ್ಲಿ ಹಣಮೇಶ ಒಂದೆರಡು ಸಲ ಹೋಳಿಗೆಯ ಡಬ್ಬಿ ನೋಡಿದ. “ಅವಂಗ್ಯಾಕ ಹೋಳಗಿ?” ಎಂದ.

“ನೆರಿಮನಿಯವರಲ್ಲ.”

ಲಿಂಗಸುಗೂರಿನಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಜನ ಇಳಿದು ಗುಂಪಾಗಿ ನಿಂತು ಮಾತಾಡತೊಡಗಿದರು. ಆ ಗುಂಪಿನಲ್ಲಿ ಗೋವಾದ ಬೋಟು ಹತ್ತಿ ಬಂದವರೂ ಇರಬಹುದಿತ್ತು. ಹಣಮೇಶ ಏಳುವ ಮೊದಲೇ ಮಲ್ಲೇಶ್ವರಿ ಇಳಿದು ಹೋಗಿ, ಎರಡು ಕಪ್ಪು ಚಹಾ ತಂದು, ಒಂದನ್ನು ಕಿಟಕಿಯಿಂದಲೇ ಗಂಡನ ಕೈಗೆ ಕೊಟ್ಟಳು. ಅವನು ಚಹಾವನ್ನು ನೋಡಿದ. ಅವಳನ್ನು ನೋಡಿದ. ಒಂದು ಗುಟುಕು ಕುಡಿದು ನಾಲಿಗೆಯ ಮೇಲೆ ಇಟ್ಟುಕೊಂಡ, ದೋಷವೇನೂ ಇರಲಿಲ್ಲ.

“ಏನಾಗ್ಯಾದ?” ಎಂದ.

“ಏನಾಗಬೇಕು? ಗಂಡಗ ಒಂದ್ ಕಪ್ ಚಹಾ ಕೊಡಬಾರದೇನು?”

ಹಣಮೇಶ ಇನ್ನೊಂದು ಗುಟುಕು ಕುಡಿದ. ಅವಳು ಹತ್ತಿ ಬಂದು ಪಕ್ಕದಲ್ಲಿ ಕುಳಿತಾಗ, ಬೂಟಿನೊಳಗೆ ಅವನ ಕಾಲ್ಬೆರಳುಗಳು ಆಡುತ್ತಿರುವುದು ಮೇಲಿನಿಂದಲೇ ಕಾಣುತ್ತಿತ್ತು. ಬಸ್ಸು ಹೊರಟಾಗ ಹಿಂದಿನ ಸೀಟಿಗೆ ಹೊಸದಾಗಿ ಇಬ್ಬರು ಯುವಕರು ಬಂದು ಕುಳಿತರು. ಹೊಸ ಬೂಟು, ಬೆನ್ನಚೀಲ. ಒಬ್ಬ ಇನ್ನೊಬ್ಬನಿಗೆ, “ಪಣಜಿಗಿ ಮುಟ್ಟಿದ ಮ್ಯಾಲ ಮೊದಲು ಬೋಟಿಗೇ ನಡಿ ಮಾಮಾ” ಎಂದದ್ದು ಮಲ್ಲೇಶ್ವರಿಯ ಕಿವಿಗೆ ಬಿತ್ತು.

ಅವಳು ಎದ್ದು ನಿಂತು, ಆಣೆಯ ಎರಡೂ ಕೈಗಳಿಂದ ಕಿಟಕಿಯ ಗಾಜನ್ನು ಪೂರ್ತಿ ಹಿಂದಕ್ಕೆ ಸರಿಸಿದಳು. ಗಾಳಿ ಭರ್ರೆಂದು ಒಳಗೆ ನುಗ್ಗಿ, ಹಿಂದಿನ ಸೀಟಿನ ಮಾತನ್ನು ಮುಳುಗಿಸಿತು.